ರಕ್ತ ಕೊಟ್ಟವರ ಎದುರು ಓದಬಲ್ಲಂಥ ಪ್ರಬಂಧ ಬರೆ

ಮಗಳೇ,

ನೀನು ಪಿಎಚ್‌.ಡಿ.ಗೆ ಸೇರಿದ್ದೀಯೆ, ವಯನಾಡಿನ ಕಾಡಂಚಿನ ಹಾಡಿಗಳಲ್ಲಿ ಜ್ವರ ತರುವ ಸೂಕ್ಷ್ಮಾಣುಗಳ ಮೇಲೆ ಕೆಲಸ ಮಾಡಲಿದ್ದೀಯೆ ಎಂದು ನಿನ್ನಮ್ಮ ಹೇಳಿದಳು. ಮನಸ್ಸು ತುಂಬಿ ಬಂತು. ಮೈಕ್ರೊಬಯಾಲಜಿ ಪಾಠ ಹೇಳಿಕೊಂಡೇ ಆಯುಷ್ಯದ ಬಹುಭಾಗ ಕಳೆದವಳು ನಾನು. ಕೊನೆಯ ವರ್ಷಗಳಲ್ಲಿ ಒಂದು ಕಾಲೇಜಿನ ನೈತಿಕ ಸಮಿತಿಯಲ್ಲಿ ಕೂತು, ಮನುಷ್ಯರ ರಕ್ತ, ಕಫ, ಮಲದ ಮಾದರಿಗಳನ್ನು ಕೇಳಿ ಬರುವ ಪ್ರಸ್ತಾವಗಳನ್ನು ಓದುವ ಕೆಲಸವೂ ಪಾಲಿಗೆ ಬಂತು. ಆ ಓದಿನಿಂದ ನನ್ನಲ್ಲಿ ಗಟ್ಟಿಯಾಗಿ ನಿಂತ ಒಂದು ಮಾತನ್ನು ದೊಡ್ಡಮ್ಮನ ಕಿವಿಮಾತೆಂದು ನಿನಗೂ ನಿನ್ನ ಜೊತೆಯವರಿಗೂ ಹೇಳುತ್ತೇನೆ.

ನೀನು ಪ್ರಕಟಿಸುವ ಪ್ರಬಂಧದ ಒಂದೊಂದು ಸಾಲನ್ನೂ, ರಕ್ತ ಕೊಟ್ಟವರ ಎದುರು ಕೂತು, ಅವರಿಗೆ ತಿಳಿಯುವ ಮಾತಿನಲ್ಲಿ, ಏನನ್ನೂ ಮುಚ್ಚಿಡದೆ ಓದಿ ಹೇಳುವಂತಿರಬೇಕು. ಅಲ್ಲಿ ಓದಲು ನಾಲಿಗೆ ತಡವರಿಸುವ ಸಾಲೊಂದಿದ್ದರೆ, ಆ ಕೆಲಸದಲ್ಲಿ ಎಲ್ಲೋ ತಪ್ಪಿದೆ ಎಂದೇ ತಿಳಿ. ಸಮಿತಿಯ ಅನುಮತಿ ಸಂಖ್ಯೆ ಕೈಯಲ್ಲಿದ್ದರೂ ಸರಿಯೇ.

ವಯನಾಡಿಗೆ ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕೇ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಿಗಳ ರಕ್ತವನ್ನೂ ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿದ್ದರಿಂದಲೇ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಅದೇ ಕಾಯಿಲೆ 2013ರಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡಿತು. 2015ರ ಬೇಸಿಗೆಯಲ್ಲಿ ಆ ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ತಗುಲಿತು, ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಸೌದೆ, ಜೇನು, ಕಾಡಿನ ಕೂಲಿ ಎಂದು ದಿನವೂ ಮರದ ನೆರಳಿಗೆ ಹೋಗಲೇಬೇಕಾದ ಆದಿವಾಸಿಗಳಿಗೆ ಪೆಟ್ಟು ಹೆಚ್ಚು ಬಿತ್ತು, ಅದರಲ್ಲೂ ಕಾಟ್ಟುನಾಯ್ಕರಿಗೆ.

2018ರ ಮೇ ತಿಂಗಳಲ್ಲಿ ಪಕ್ಕದ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗ ರೋಗಿಯ ಮಾದರಿಯಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ಪ್ರಯೋಗಾಲಯ, ದೃಢಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಎರಡನೆಯ ರೋಗಿಯಲ್ಲೇ ಕಾಯಿಲೆಗೆ ಹೆಸರು ಸಿಕ್ಕಿದ್ದರಿಂದ ಎಷ್ಟೋ ಜೀವ ಉಳಿದವು. ಹಾಗಿದ್ದೂ 17 ಮಂದಿಯ ಸಾವು ವರದಿಯಾಯಿತು. 2023ರ ಅಕ್ಟೋಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿ, ಮಾನಂತವಾಡಿ ಕಡೆಯ ಬಾವಲಿಗಳಲ್ಲಿ ನಿಪಾ ಇರುವುದಕ್ಕೆ ಸಾಕ್ಷ್ಯ ಸಿಕ್ಕಿದೆ ಎಂದು ಕೇರಳದ ಆರೋಗ್ಯ ಸಚಿವೆ ತಿಳಿಸಿದರು. ಮಂಗನ ಕಾಯಿಲೆಯ ಹಳೆಯ ಲಸಿಕೆ ಫಲ ಕೊಡುತ್ತಿಲ್ಲವೆಂದು ನಿಂತುಹೋಗಿದೆ, ಹೊಸದರ ತಯಾರಿ ನಡೆದಿದೆ. ಆ ಲಸಿಕೆ ನಿಜಕ್ಕೂ ಕಾಪಾಡುತ್ತದೆಯೇ ಎಂದು ತಿಳಿಯಬೇಕಾದರೆ, ಕಾಯಿಲೆ ಇರುವ ಕಾಡಂಚಿನ ಜನರೇ ಒಂದಲ್ಲ ಒಂದು ದಿನ ತೋಳು ಒಡ್ಡಬೇಕು. ಅವರು ನಂಬಿ ಒಡ್ಡಬೇಕಾದರೆ, ಈಗ ಅಲ್ಲಿಗೆ ಹೋಗುವ ನಿನ್ನಂಥವರ ನಡತೆ ಸರಿಯಾಗಿರಬೇಕು. ನೀನು ಕೆಡಿಸಿದ ನಂಬಿಕೆಯ ಬೆಲೆಯನ್ನು ನಿನ್ನ ಹಿಂದೆ ಬರುವ ಒಳ್ಳೆಯ ವೈದ್ಯೆ ತೆರಬೇಕಾಗುತ್ತದೆ.

ಪ್ರಕಟವಾಯಿತು ಎಂದ ಮಾತ್ರಕ್ಕೆ ಒಂದು ಅಧ್ಯಯನ ನ್ಯಾಯವಾಗಿ ನಡೆದಿದೆ ಎಂದುಕೊಳ್ಳಬೇಡ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ 399 ಮಂದಿ ಕಪ್ಪು ಜನಾಂಗದ ಬಡ ಗಂಡಸರನ್ನು ಸರ್ಕಾರಿ ವೈದ್ಯರು ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತರು. ಕಾಯಿಲೆ ದೇಹವನ್ನು ಹೇಗೆ ತಿನ್ನುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ಪೆನಿಸಿಲಿನ್ ಬಂದು, ಅದರಿಂದ ಸಿಫಿಲಿಸ್ ವಾಸಿಯಾಗುತ್ತದೆಂದು ಲೋಕಕ್ಕೆಲ್ಲ ಗೊತ್ತಾದ ಮೇಲೂ ಆ ಗಂಡಸರಿಗೆ ಅದನ್ನು ಕೊಡಲಿಲ್ಲ. ಇದು ಗುಟ್ಟಾಗಿ ನಡೆದದ್ದಲ್ಲ ಮಗಳೇ. 1936ರಿಂದಲೇ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಅದರ ಪ್ರಬಂಧಗಳು ಒಂದರ ಹಿಂದೆ ಒಂದು ಅಚ್ಚಾದವು. ಸಂಪಾದಕರು ಓದಿದರು, ವಿಮರ್ಶಕರು ಓದಿದರು, ಪ್ರಾಧ್ಯಾಪಕರು ಓದಿದರು. ಕೋಷ್ಟಕಗಳನ್ನು ನೋಡಿದವರ ಕಣ್ಣಿಗೆ ಆ ಮನುಷ್ಯರು ಬೀಳಲಿಲ್ಲ.

ಅದು ಹಳೆಯ ಕಾಲ, ಈಗ ಸಮಿತಿಗಳಿವೆ, ನಿಯಮಗಳಿವೆ ಎಂದು ನಿನ್ನ ವಯಸ್ಸಿನವರು ಹೇಳುತ್ತೀರಿ. ಫ್ರಾನ್ಸಿನ ಮಾರ್ಸೇ ನಗರದ ಸಂಗತಿ ಕೇಳು. ಅಲ್ಲಿ ಸೋಂಕು ರೋಗಗಳ ಹೆಸರಾಂತ ಸಂಶೋಧನಾ ಆಸ್ಪತ್ರೆಯೊಂದಿದೆ, ದಿದಿಯೆ ರವೂ ಎಂಬ ಮೈಕ್ರೊಬಯಾಲಜಿಸ್ಟ್ ಅದರ ಮುಖ್ಯಸ್ಥರಾಗಿದ್ದರು. 2023ರಲ್ಲಿ ಕೆಲವು ಸಂಶೋಧಕರು ಸೇರಿ ಆ ಸಂಸ್ಥೆಯಿಂದ ಹೊರಬಂದ 456 ಅಧ್ಯಯನಗಳ ನೈತಿಕ ಅನುಮತಿಯ ಸಾಲನ್ನು ಮಾತ್ರ ಕೂತು ಓದಿದರು. 248 ಪ್ರಬಂಧಗಳಲ್ಲಿ ಒಂದೇ ಅನುಮತಿ ಸಂಖ್ಯೆ ಇತ್ತು! ಮಾದರಿಗಳು ಬೇರೆ, ಜನ ಬೇರೆ, ದೇಶಗಳೂ ಬೇರೆ, ಸಂಖ್ಯೆ ಮಾತ್ರ ಒಂದೇ. ಹಲವು ನಿಯತಕಾಲಿಕೆಗಳು ಎಚ್ಚೆತ್ತು ಪ್ರಬಂಧಗಳನ್ನು ಹಿಂಪಡೆದವು. ಕೊರೊನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೊರೊಕ್ವಿನ್ ಮಾತ್ರೆಗೆ ಜಗತ್ತೆಲ್ಲ ಮುಗಿಬೀಳುವಂತೆ ಮಾಡಿದ 2020ರ ಪ್ರಬಂಧವೂ ಅಲ್ಲಿಯದೇ. ಅದನ್ನು 2024ರ ಡಿಸೆಂಬರಿನಲ್ಲಿ ಹಿಂಪಡೆದಾಗ ಮುಂದಿಟ್ಟ ಕಾರಣಗಳಲ್ಲಿ ಒಂದು, ರೋಗಿಗಳನ್ನು ಸೇರಿಸಿಕೊಂಡದ್ದು ಅನುಮತಿ ಸಿಗುವ ಮುಂಚೆಯೋ ಆಮೇಲೋ ಎಂಬ ಅನುಮಾನ. ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಒಂದು ಸಾಲನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯವೇ ಇಷ್ಟಕ್ಕೆಲ್ಲ ಮೂಲ. ನೀನು ಯಾರದೇ ಪ್ರಬಂಧ ಓದುವಾಗಲೂ ಮೊದಲು ಆ ಸಾಲಿಗೆ ಹೋಗು.

ನಮ್ಮ ನೆಲದ್ದೂ ನಿನಗೆ ಗೊತ್ತಿರಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ, 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯೊಂದು ನಡೆಯಿತು. ಪಾಥ್ ಎಂಬ ವಿದೇಶಿ ಸಂಸ್ಥೆ ಅದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೊತೆ ಸೇರಿ ನಡೆಸಿತು. ಖಮ್ಮಂನಲ್ಲಿ ಲಸಿಕೆ ಪಡೆದವರಲ್ಲಿ ಬಹಳ ಮಂದಿ ಆದಿವಾಸಿ ಹುಡುಗಿಯರು, ಆಶ್ರಮ ಶಾಲೆಗಳ ಹಾಸ್ಟೆಲುಗಳಲ್ಲಿ ಇದ್ದವರು. ತಂದೆ ತಾಯಿ ಕೊಡಬೇಕಾದ ಒಪ್ಪಿಗೆಯನ್ನು ಸಾವಿರಾರು ಪತ್ರಗಳಲ್ಲಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿ ಕೊಟ್ಟುಬಿಟ್ಟಿದ್ದರು. ಏಳು ಹುಡುಗಿಯರು ಸತ್ತ ಸುದ್ದಿ ಬಂದಾಗ, 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದೇ ಸರ್ಕಾರ ನೇಮಿಸಿದ ತನಿಖಾ ಸಮಿತಿ ಕಂಡುಕೊಂಡಿತು. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದೇ. ತಪ್ಪು ದಾರಿಯಲ್ಲಿ ಕೊಂಡೊಯ್ದದ್ದರಿಂದ ಒಳ್ಳೆಯ ಲಸಿಕೆಯ ಮೇಲೂ ಜನರಿಗೆ ವರ್ಷಗಟ್ಟಲೆ ಅನುಮಾನ ಉಳಿಯಿತು. ವಯನಾಡಿನಲ್ಲೂ ಆದಿವಾಸಿ ಮಕ್ಕಳ ಹಾಸ್ಟೆಲುಗಳಿವೆ. ಒಂದೇ ಬೆಳಿಗ್ಗೆ ನೂರು ಮಾದರಿ ಸಿಗುತ್ತದೆ ಎಂದು ಯಾರಾದರೂ ನಿನಗೆ ಆ ಬಾಗಿಲು ತೋರಿಸಿಯಾರು. ಆ ಮಕ್ಕಳ ಅಪ್ಪ ಅಮ್ಮನನ್ನು ಹುಡುಕಿಕೊಂಡು ಹೋಗಲು ಕಾಲಿಲ್ಲದವರು ಅವರ ರಕ್ತ ಮುಟ್ಟಬಾರದು.

ಇನ್ನೊಂದು ನಮ್ಮ ಬೆಂಗಳೂರಿಗೆ ಸಂಬಂಧಿಸಿದ್ದು. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ವಿದೇಶಿ ಸಹಯೋಗಿಗಳ ಜೊತೆ ಸೇರಿ, ನಾಗಾಲ್ಯಾಂಡಿನ ಮಿಮಿ ಎಂಬ ಹಳ್ಳಿಯಲ್ಲಿ ಬಾವಲಿ ಹಿಡಿಯುವ 85 ಜನರ ರಕ್ತವನ್ನೂ ಅಲ್ಲಿನ ಬಾವಲಿಗಳನ್ನೂ ಪರೀಕ್ಷಿಸಿ, ಎಬೋಲಾ ಜಾತಿಯ ವೈರಸ್‌ಗಳಿಗೆ ಸ್ಪಂದಿಸುವ ಪ್ರತಿಕಾಯಗಳಿವೆಯೆಂದು 2019ರಲ್ಲಿ ಪ್ರಕಟಿಸಿದರು. ವಿಜ್ಞಾನದ ದೃಷ್ಟಿಯಿಂದ ಬೆಲೆಯುಳ್ಳ ಕೆಲಸ. 2020ರ ಆರಂಭದಲ್ಲಿ ಕೊರೊನಾ ಸುದ್ದಿ ಬರುತ್ತಿದ್ದಂತೆ, ಲೇಖಕರ ಪಟ್ಟಿಯಲ್ಲಿ ಚೀನಾದ ವುಹಾನ್ ವೈರಾಣು ಸಂಸ್ಥೆಯವರ ಹೆಸರೂ ಇದ್ದುದರಿಂದ, ವಿದೇಶಿ ಸಹಯೋಗಕ್ಕೆ ಬೇಕಾದ ಕೇಂದ್ರ ಸರ್ಕಾರದ ಅನುಮತಿ ಪಡೆದಿದ್ದರೇ ಎಂಬ ವಿಚಾರಣೆ ಶುರುವಾಯಿತು. ನೈತಿಕ ಸಮಿತಿಯ ಅನುಮತಿ ಪಡೆದೇ ಕೆಲಸ ಮಾಡಿದ್ದೇವೆ ಎಂದು ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಯಾರು ಸರಿ ಎಂಬ ತೀರ್ಪು ನನ್ನದಲ್ಲ. ನನ್ನನ್ನು ಕಾಡಿದ್ದು ಬೇರೆ. ನಾನು ಓದಿದ ವರದಿಗಳೆಲ್ಲ ದೆಹಲಿ, ಬೆಂಗಳೂರು, ವುಹಾನ್ ಎಂದು ಸುತ್ತಿದವು. ನಿಮ್ಮ ರಕ್ತದಲ್ಲಿ ಇಂಥದ್ದು ಸಿಕ್ಕಿದೆ, ಅದರ ಅರ್ಥ ಇಷ್ಟು, ಭಯಪಡುವುದು ಬೇಡ ಎಂದು ಆ 85 ಮಂದಿಗೆ ಯಾರು ಹೇಳಿದರು ಎಂಬ ಪ್ರಶ್ನೆಯನ್ನು ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ನೀನು ಹೋಗುವ ಜಾಗದ ಮಾತಿಗೆ ಬರೋಣ. ಕಾಟ್ಟುನಾಯ್ಕರು ನಮ್ಮ ನಾಗರಹೊಳೆ ಕಡೆಯ ಜೇನುಕುರುಬರಿಗೆ ಹತ್ತಿರದವರು. ಅವರ ಮನೆಮಾತಿನಲ್ಲಿ ಕನ್ನಡದ ಛಾಯೆ ಎಷ್ಟಿದೆಯೆಂದರೆ, ಗಡಿಯ ಬಾವಲಿ ಎಂಬ ಊರಿನ ಚೆಕ್‌ಪೋಸ್ಟ್ ದಾಟಿ ಹೋದ ಕನ್ನಡತಿಗೆ ಅರ್ಧ ಮಾತು ತಾನಾಗಿ ತಿಳಿಯುತ್ತದೆ. ಅದು ನಿನ್ನ ಭಾಗ್ಯ, ಅಪಾಯವೂ ಅದೇ. ಅರ್ಧ ತಿಳಿದದ್ದನ್ನು ಪೂರ್ತಿ ಒಪ್ಪಿಗೆಯೆಂದು ಬರೆದುಕೊಳ್ಳುವ ಆಸೆ ಬರುತ್ತದೆ. ನಿನ್ನ ಒಪ್ಪಿಗೆ ಪತ್ರ ಮಲಯಾಳದಲ್ಲಿ ಅಚ್ಚಾಗಿರುತ್ತದೆ. ಅದು ಅವರಿಗೆ ಶಾಲೆಯ, ಕಚೇರಿಯ ಭಾಷೆ. ಅಲ್ಲಿನ ಇನ್ನೊಂದು ಬುಡಕಟ್ಟಾದ ಪಣಿಯರಿಗೂ ತಮ್ಮದೇ ಆದ ಮಾತಿದೆ. ಹತ್ತು ಹನ್ನೆರಡು ಪುಟದ ಪತ್ರವನ್ನು ಗಡಗಡ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾಗದಕ್ಕೆ ಒಪ್ಪಿಗೆ ಸಿಕ್ಕಿತು, ಮನುಷ್ಯನಿಂದ ಸಿಗಲಿಲ್ಲ. ಆ ಹಾಡಿಯವರೇ ಆದ, ಓದು ಬರಹ ಬಲ್ಲ ಹುಡುಗಿಯನ್ನೋ ಹುಡುಗನನ್ನೋ ಸಂಬಳ ಕೊಟ್ಟು ಜೊತೆಗಿಟ್ಟುಕೋ. ಮೊದಲು ಅವರಿಗೆ ಅರ್ಥವಾಗಲಿ, ಆಮೇಲೆ ಅವರ ಬಾಯಿಂದ ಉಳಿದವರಿಗೆ ಹೋಗಲಿ.

ಹೇಳಬೇಕಾದದ್ದು ತುಂಬ ಸರಳ. "ನಾನು ಡಾಕ್ಟರಲ್ಲ, ಓದುತ್ತಿರುವವಳು. ಕಾಡಿನ ಜ್ವರ ಯಾವ ಕ್ರಿಮಿಯಿಂದ ಬರುತ್ತದೆಂದು ತಿಳಿಯಲು ಬಂದಿದ್ದೇನೆ. ಒಂದು ಸಣ್ಣ ಚಮಚದಷ್ಟು ರಕ್ತ ಕೇಳುತ್ತೇನೆ. ಈ ರಕ್ತ ಕೊಟ್ಟದ್ದರಿಂದ ನಿಮ್ಮ ಜ್ವರ ಇಳಿಯುವುದಿಲ್ಲ. ಸೂಜಿ ಚುಚ್ಚಿದ ಕಡೆ ಸ್ವಲ್ಪ ನೋಯುತ್ತದೆ. ಬೇಡವೆಂದರೆ ಬೇಡ. ಬೇಡವೆಂದವರಿಗೆ ಆಸ್ಪತ್ರೆಯ ಔಷಧವಾಗಲಿ, ರೇಷನ್ನಾಗಲಿ, ಬೇರೆ ಯಾವ ಸೌಲಭ್ಯವಾಗಲಿ ನಿಲ್ಲುವುದಿಲ್ಲ. ಇವತ್ತು ಹೂಂ ಎಂದು ನಾಳೆ ಬೇಡವೆಂದರೂ ಸರಿ." ಇಷ್ಟು ಹೇಳಿ ನಿಲ್ಲು. ನಾನು ಹೇಳಿದ್ದು ಏನು ಎಂದು ಅವರಿಂದಲೇ ಕೇಳು. ತಿರುಗಿ ಹೇಳಿದ್ದರಲ್ಲಿ, ಔಷಧ ಕೊಡಲು ಬಂದಿದ್ದಾರೆ ಎಂಬ ಮಾತು ಬಂದರೆ, ಮತ್ತೆ ಮೊದಲಿನಿಂದ ಹೇಳು. ಜ್ವರದ ಅಧ್ಯಯನಗಳಲ್ಲಿ ಆಗುವ ದೊಡ್ಡ ಅನ್ಯಾಯ ಇದೇ. ಮಂಗನ ಕಾಯಿಲೆಯ ವೈರಸ್ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಹಾಗಾಗಿ ನೀನು ಹೋಗುವ ಹೊತ್ತಿಗೆ ಅವರು ಸುಸ್ತಾಗಿ, ಹೆದರಿ ಮಲಗಿರುತ್ತಾರೆ. ಕೈಗವಸು ಹಾಕಿ ಸಿರಿಂಜ್ ಹಿಡಿದು ಬಂದವರೆಲ್ಲ ಆ ಹೊತ್ತಿಗೆ ಡಾಕ್ಟರರಂತೆಯೇ ಕಾಣುತ್ತಾರೆ. ಮೊದಲು ಅವರನ್ನು ಆಸ್ಪತ್ರೆಗೆ ಸೇರಿಸುವ ದಾರಿ ನೋಡು, ಗಾಡಿ ಬೇಕಾದರೆ ಮಾಡಿಕೊಡು. ರಕ್ತದ ಮಾತು ಆಮೇಲಿನದು. ತಡವಾಗಿ ಮಾದರಿ ಕೈತಪ್ಪಿದರೆ ತಪ್ಪಲಿ.

ಮನುಷ್ಯರ ಮೇಲಿನ ಸಂಶೋಧನೆಗೆ ಐಸಿಎಂಆರ್ 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಬುಡಕಟ್ಟು ಜನರ ಬಗ್ಗೆ ಬೇರೆಯಾಗಿಯೇ ಬರೆದಿದ್ದಾರೆ. ಅದನ್ನು ಪರೀಕ್ಷೆಗೆ ಓದುವಂತೆ ಓದಬೇಡ, ಹಾಡಿಯನ್ನು ಕಣ್ಣೆದುರು ಇಟ್ಟುಕೊಂಡು ಓದು. ಆ ಜನರಿಗೇ ಪ್ರಯೋಜನವಾಗುವಂಥ ಅಧ್ಯಯನವನ್ನು ಮಾತ್ರ ಅವರ ಮೇಲೆ ಮಾಡಬೇಕು. ಜಿಲ್ಲಾಧಿಕಾರಿ ಅಥವಾ ಬುಡಕಟ್ಟು ಕಲ್ಯಾಣದ ಅಧಿಕಾರಿಯಂಥವರ ಅನುಮತಿ ಪಡೆದೇ ಒಳಗೆ ಕಾಲಿಡಬೇಕು. ಅಲ್ಲಿನ ಹಿರಿಯರನ್ನೂ ಭಾಷೆ ಬಲ್ಲವರನ್ನೂ ಕೂರಿಸಿಕೊಂಡು, ಸಾಕ್ಷಿಯ ಎದುರು ಒಪ್ಪಿಗೆ ಕೇಳಬೇಕು. ಕಾಟ್ಟುನಾಯ್ಕರನ್ನು ಸರ್ಕಾರ ನಿರ್ದಿಷ್ಟ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಥ ಗುಂಪುಗಳ ಮಕ್ಕಳು, ಬಸುರಿಯರು, ಮುದುಕರನ್ನು ಸೇರಿಸಿಕೊಳ್ಳದಂತೆ ಹೆಚ್ಚಿನ ಎಚ್ಚರ ವಹಿಸಬೇಕೆಂದೂ ಅಲ್ಲಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದ್ದು ಒಂದಿದೆ. ಊರಿನ ಮುಖ್ಯಸ್ಥ ಮೂಪ್ಪನ್ ಒಳಗೆ ಬನ್ನಿ ಎಂದರೆ ಹಾಡಿಯ ಬಾಗಿಲು ತೆರೆಯಿತು ಎಂದಷ್ಟೇ ಅರ್ಥ. ಒಬ್ಬೊಬ್ಬರ ತೋಳಿನ ಮೇಲಿನ ಹಕ್ಕು ಅವರವರದೇ. ಮೂಪ್ಪನ್ ಹೇಳಿದ ಮೇಲೆ ಇಲ್ಲವೆನ್ನಲು ಕಿರಿಯ ಹೆಂಗಸಿಗೆ ಬಾಯಿ ಬರುವುದಿಲ್ಲ. ಪಂಚಾಯಿತಿಯವರು, ಬುಡಕಟ್ಟು ಇಲಾಖೆಯ ಎಸ್‌ಟಿ ಪ್ರಮೋಟರ್, ಆಶಾ ಕಾರ್ಯಕರ್ತೆ ಪಕ್ಕದಲ್ಲಿ ನಿಂತಿದ್ದರೂ ಹಾಗೆಯೇ. ಅವರಿಂದ ಸಹಾಯ ಪಡೆ. ಆದರೆ ಒಪ್ಪಿಗೆ ಕೇಳುವ ಹೊತ್ತಿಗೆ ಅವರು ಸ್ವಲ್ಪ ದೂರ ಇರುವಂತೆ ನೋಡಿಕೋ. ಬೇಡವೆಂದವರ ಸಂಖ್ಯೆಯನ್ನೂ ನಿನ್ನ ಪುಸ್ತಕದಲ್ಲಿ ಬರೆದಿಡು. ಒಂದು ಹಾಡಿಯಲ್ಲಿ ಒಬ್ಬರೂ ಬೇಡವೆನ್ನಲಿಲ್ಲವಾದರೆ ಸಂತೋಷಪಡಬೇಡ, ಅವರಿಗೆ ಬೇಡವೆನ್ನಲು ಅವಕಾಶ ಇತ್ತೇ ಎಂದು ನಿನ್ನನ್ನೇ ಕೇಳಿಕೋ.

ಕೂಲಿ ಬಿಟ್ಟು ನಿನ್ನೆದುರು ಕೂತವರಿಗೆ ಆ ದಿನದ ಕೂಲಿ ಕೊಡಲೇಬೇಕು. ಅದು ದಾನವಲ್ಲ, ಬಾಕಿ. ಆದರೆ ಹಣದ ಆಸೆಗೆ ಜ್ವರದಲ್ಲೂ ತೋಳು ಚಾಚುವಷ್ಟು ಕೊಡಬಾರದು. ಎಷ್ಟು ಕೊಡುತ್ತೀಯೆ ಎಂಬುದನ್ನು ಸಮಿತಿಯ ಮುಂದೆ ಬರೆದು ಕೊಡು.

ಪರೀಕ್ಷೆಯ ಫಲಿತಾಂಶ ಅವರದು. ಪಿಸಿಆರ್ ಯಂತ್ರ ಹೇಳಿದ್ದು ನಿನ್ನ ಕಂಪ್ಯೂಟರಿನಲ್ಲೇ ಉಳಿದರೆ ರಕ್ತ ಕೊಟ್ಟವರಿಗೆ ಏನು ಬಂತು? ಹುಡುಕಲು ಹೋದದ್ದಲ್ಲದೆ ಬೇರೆಯದೂ ನಿನ್ನ ಕಣ್ಣಿಗೆ ಬೀಳುತ್ತದೆ. ಮಲದ ಮಾದರಿಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಕಂಡರೆ, ರಕ್ತದಲ್ಲಿ ಹಿಮೊಗ್ಲೋಬಿನ್ ತಳ ಮುಟ್ಟಿದ್ದರೆ, ನನ್ನ ವಿಷಯ ಅದಲ್ಲ ಎಂದು ಪುಟ ಮಗುಚಬೇಡ. ಹುಳಕ್ಕೆ ಆಲ್ಬೆಂಡಜೋಲ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಅಲ್ಲಿನ ವೈದ್ಯಾಧಿಕಾರಿಯ ಜೊತೆ ಮೊದಲೇ ಮಾತಾಡಿ, ಏನು ಕಂಡರೆ ಯಾರಿಗೆ ಎಷ್ಟು ಬೇಗ ತಿಳಿಸಬೇಕೆಂದು ಗೊತ್ತು ಮಾಡಿಕೊಂಡೇ ಹೊರಡು. ಕಾಯಿಲೆ ಕಂಡೂ ಸುಮ್ಮನಿದ್ದು ಬರೆದುಕೊಂಡದ್ದೇ ಟಸ್ಕೀಗಿಯವರು ಮಾಡಿದ್ದು. ಸಣ್ಣ ಪ್ರಮಾಣದಲ್ಲಿ ನಾವೂ ಅದನ್ನೇ ಮಾಡುವುದು ಬೇಡ.

ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತ ಫ್ರೀಜರಿನಲ್ಲಿ ಇರುತ್ತದೆ. ಮೈನಸ್ 80 ಡಿಗ್ರಿಯಲ್ಲಿ ಅದು ವರ್ಷಗಟ್ಟಲೆ ಕೆಡುವುದಿಲ್ಲ, ಅದರ ಮೇಲಿನ ಆಸೆಯೂ ಕೆಡುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಎಂಬ ಬುಡಕಟ್ಟಿನವರು ತಮ್ಮಲ್ಲಿ ಹೆಚ್ಚುತ್ತಿದ್ದ ಸಕ್ಕರೆ ಕಾಯಿಲೆಗೆ ಕಾರಣ ತಿಳಿಯುತ್ತದೆಂದು 1990ರ ಸುಮಾರಿಗೆ ವಿಶ್ವವಿದ್ಯಾಲಯಕ್ಕೆ ರಕ್ತ ಕೊಟ್ಟರು. ಅದೇ ರಕ್ತವನ್ನು ಮನೋರೋಗದ ಅಧ್ಯಯನಕ್ಕೂ, ಅವರ ಪೂರ್ವಜರು ಎಲ್ಲಿಂದ ಬಂದರೆಂಬ ಅಧ್ಯಯನಕ್ಕೂ ಬಳಸಿದರು. 2003ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಪಿಎಚ್‌.ಡಿ. ಪ್ರಬಂಧ ಮಂಡಿಸುತ್ತಿದ್ದಾಗ ಸಭೆಯಲ್ಲಿ ಆ ಬುಡಕಟ್ಟಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ಇದಕ್ಕೆ ನಮ್ಮವರ ಅನುಮತಿ ಕೇಳಿದ್ದಿರಾ ಎಂದು ಎದ್ದು ಕೇಳಿದಳು. ಉತ್ತರ ಇರಲಿಲ್ಲ. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಆ ಜನರಿಗೆ ಹಿಂದಿರುಗಿಸಿತು. ವಯನಾಡಿನ ರಕ್ತದಲ್ಲೂ ಕುಡುಗೋಲು ಕಣ ರೋಗದ ವಂಶವಾಹಿ ಇದೆ, ಇನ್ನೂ ಏನೇನೋ ಪ್ರಶ್ನೆಗಳಿಗೆ ಉತ್ತರ ಇದ್ದೀತು. ಜ್ವರಕ್ಕೆಂದು ಕೇಳಿ ಪಡೆದದ್ದನ್ನು ಬೇರೆಯದಕ್ಕೆ ಬಳಸಬೇಕೆಂದರೆ ಸಮಿತಿಯನ್ನು ಮತ್ತೆ ಕೇಳು, ಜನರನ್ನೂ ಮತ್ತೆ ಕೇಳು. ಎಷ್ಟು ವರ್ಷ ಇಟ್ಟುಕೊಳ್ಳುತ್ತೀಯೆ, ಯಾರಿಗೆ ಕೊಡುತ್ತೀಯೆ, ಯಾವಾಗ ನಾಶ ಮಾಡುತ್ತೀಯೆ ಎಂಬುದನ್ನು ಮೊದಲ ದಿನವೇ ಹೇಳಿಬಿಡು.

ಬರೆಯುವಾಗ ಹೆಸರುಗಳ ಬಗ್ಗೆ ಎಚ್ಚರವಿರಲಿ. ಮನುಷ್ಯರ ಹೆಸರನ್ನು ಸಂಕೇತ ಸಂಖ್ಯೆ ಮಾಡುತ್ತೀರಿ, ಸರಿ. ಆದರೆ ಇಪ್ಪತ್ತು ಮನೆಗಳ ಹಾಡಿಯ ಹೆಸರು ಬರೆದು, ನಕ್ಷೆಯಲ್ಲಿ ಚುಕ್ಕಿ ಇಟ್ಟು, ನಲವತ್ತು ವರ್ಷದ ವಿಧವೆ ಎಂದು ಸೇರಿಸಿದರೆ ಅದು ಯಾರೆಂದು ಪಂಚಾಯಿತಿಗೆಲ್ಲ ಗೊತ್ತಾಗುತ್ತದೆ. 2018ರಲ್ಲಿ ನಿಪಾ ರೋಗಿಗಳನ್ನು ನೋಡಿಕೊಂಡ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿಯರನ್ನು ಬಸ್ಸು, ಆಟೊಗಳಲ್ಲಿ ಹತ್ತಿಸಿಕೊಳ್ಳಲೂ ಜನ ಹಿಂಜರಿದರು. ಓದಿದವರ ಊರಿನಲ್ಲೇ ಹೀಗಾದರೆ, ಇಂಥ ಹಾಡಿಯಲ್ಲಿ ಇಂಥ ವೈರಸ್ ಇದೆ ಎಂದು ನೀನು ಬರೆದ ಮೇಲೆ ಆ ಹಾಡಿಯವರನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಅವರ ಜೇನನ್ನು ಯಾರು ಕೊಳ್ಳುತ್ತಾರೆ? ರೋಗ ನಿಯಂತ್ರಣಕ್ಕೆ ನಿಖರವಾದ ಜಾಗ ಬೇಕಾದವರು ಆರೋಗ್ಯ ಇಲಾಖೆಯವರು, ಅವರಿಗೆ ಗೋಪ್ಯವಾಗಿ ಕೊಡು. ಪ್ರಬಂಧಕ್ಕೆ ತಾಲ್ಲೂಕಿನ ಹೆಸರು ಸಾಕು.

ನೈತಿಕ ಅನುಮತಿಯ ಸಾಲನ್ನು ಕಾಟಾಚಾರಕ್ಕೆ ಬರೆಯಬೇಡ. ಯಾವ ಸಮಿತಿ, ಯಾವ ಸಂಖ್ಯೆ, ಯಾವ ದಿನಾಂಕ, ಮೊದಲ ಮಾದರಿ ತೆಗೆದದ್ದು ಯಾವತ್ತು, ಒಪ್ಪಿಗೆ ಕೇಳಿದ್ದು ಯಾವ ಭಾಷೆಯಲ್ಲಿ, ಓದು ಬಾರದವರಿಗೆ ಸಾಕ್ಷಿ ಯಾರು ನಿಂತರು, ಎಷ್ಟು ಜನ ಬೇಡವೆಂದರು, ಉಳಿದ ಮಾದರಿ ಏನಾಯಿತು ಎಂಬುದೆಲ್ಲ ಅಲ್ಲಿ ಬರಲಿ. ನಿಯತಕಾಲಿಕೆಯವರು ಪದಗಳ ಮಿತಿ ಹೇಳಿದರೆ, ಫಲಿತಾಂಶದ ವರ್ಣನೆಯಲ್ಲಿ ನಾಲ್ಕು ಸಾಲು ಕಡಿಮೆ ಮಾಡು. ಕೆಲಸ ಶುರುವಾದ ಮೇಲೆ ಅನುಮತಿ ತರಿಸಿಕೊಂಡು ಹಿಂದಿನ ದಿನಾಂಕಕ್ಕೆ ಹೊಂದಿಸುವ ಯೋಚನೆಯನ್ನೇ ಮಾಡಬೇಡ. ಬೇರೆ ಯೋಜನೆಯ ಸಂಖ್ಯೆಯನ್ನು ತಂದು ಇದಕ್ಕೆ ಅಂಟಿಸಲೂ ಬೇಡ. ಮಾರ್ಸೇಯ ಕಥೆ ಶುರುವಾಗುವುದು ಅಂಥ ಸಣ್ಣ ಅನುಕೂಲದಿಂದಲೇ.

ನಿನಗೆ ಕಷ್ಟವಾಗುವ ಜಾಗ ಯಾವುದೆಂದು ನನಗೆ ಗೊತ್ತು. ಮಾರ್ಗದರ್ಶಕರು ಹಿರಿಯರು, ಫೆಲೋಶಿಪ್ ಅವರ ಸಹಿಯ ಮೇಲೆ ನಿಂತಿದೆ, ಸೀನಿಯರುಗಳು ಇಲ್ಲಿ ಎಲ್ಲರೂ ಹೀಗೇ ಮಾಡುವುದು ಎನ್ನುತ್ತಾರೆ. ಅಲ್ಲಿ ಕೇಳುವ ಧೈರ್ಯ ಬೇಕು. ಟಸ್ಕೀಗಿಯ ಅನ್ಯಾಯ ಕೊನೆಗೂ ನಿಂತದ್ದು ಪೀಟರ್ ಬಕ್ಸ್‌ಟನ್ ಎಂಬ ಯುವಕ ಕೇಳಿದ್ದರಿಂದ. 1966ರಲ್ಲಿ ತನ್ನ ಇಲಾಖೆಯ ಮೇಲಿನವರಿಗೆ ಆಕ್ಷೇಪಣೆ ಬರೆದಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕರೆದು ಗದರಿದರು. ಮತ್ತೆ ಬರೆದ. ಕೇಳುವವರಿಲ್ಲವೆಂದಾಗ ಪತ್ರಕರ್ತರಿಗೆ ತಿಳಿಸಿದ, 1972ರ ಜುಲೈನಲ್ಲಿ ಸುದ್ದಿ ಹೊರಬಂತು, ಅದೇ ವರ್ಷ ಅಧ್ಯಯನ ನಿಂತಿತು. ದಶಕಗಟ್ಟಲೆ ಪ್ರಬಂಧಗಳನ್ನು ಓದಿದ ದೊಡ್ಡವರಿಂದ ಆಗದ್ದು ಆ ಹುಡುಗನ ಪತ್ರದಿಂದ ಆಯಿತು.

ನೀನು ಜಗಳವಾಡಬೇಕಿಲ್ಲ. "ಸರ್, ಈ ಹಾಡಿಯವರಿಗೆ ಒಪ್ಪಿಗೆ ಪತ್ರ ಅರ್ಥವಾಗಿಲ್ಲ, ಇನ್ನೊಂದು ಸಲ ಹೋಗಿ ಕೇಳಿ ಬರುತ್ತೇನೆ" ಎಂದು ವಿನಯವಾಗಿ ಹೇಳು. ಆಮೇಲೆ ಅದನ್ನೇ ಇಮೇಲಿನಲ್ಲಿ ಬರೆ, ದಿನಾಂಕ ಇರಲಿ. ಅದಕ್ಕೂ ಬಗ್ಗದಿದ್ದರೆ ನೈತಿಕ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ನೇರವಾಗಿ ತಿಳಿಸು. ಆ ಸಮಿತಿ ಇರುವುದು ಸಂಸ್ಥೆಯ ಮರ್ಯಾದೆ ಕಾಯುವುದಕ್ಕಲ್ಲ, ರಕ್ತ ಕೊಟ್ಟವರನ್ನು ಕಾಯುವುದಕ್ಕೆ. ವೈದ್ಯರಲ್ಲದ ಸಾಮಾನ್ಯರು, ಕಾನೂನು ಬಲ್ಲವರು ಅದರಲ್ಲಿ ಇರಲೇಬೇಕೆಂಬ ನಿಯಮ ಇರುವುದೂ ಅದಕ್ಕೇ. ಬುಡಕಟ್ಟಿನ ಮೇಲಿನ ಪ್ರಸ್ತಾವ ಬಂದಾಗ ಆ ಸಮುದಾಯವನ್ನು ಬಲ್ಲವರನ್ನು ಕರೆಸಿ ಕೇಳಿ ಎಂದು ನೀನೇ ಕೋರಿಕೊಳ್ಳಬಹುದು. ನಾನು ಸಮಿತಿಯಲ್ಲಿ ಇದ್ದಾಗ ಇಂಥ ಕೋರಿಕೆ ಬಂದ ಪ್ರಸ್ತಾವಗಳನ್ನು ಹೆಚ್ಚು ಗೌರವದಿಂದ ಓದುತ್ತಿದ್ದೆವು. ಪ್ರಬಂಧಕ್ಕೆ ನಿನ್ನ ಹೆಸರು ಸೇರಿಸುವ ಮುಂಚೆ, ಒಪ್ಪಿಗೆ ಪತ್ರಗಳ ಕಟ್ಟನ್ನು ಬಿಚ್ಚಿ ನೋಡುವ ಹಕ್ಕೂ ನಿನಗಿದೆ. ತೋರಿಸುವುದಿಲ್ಲವೆಂದರೆ ಹೆಸರು ಬೇಡವೆನ್ನು. ಒಂದು ಪ್ರಬಂಧ ಕಡಿಮೆಯಾದರೆ ಏನೂ ಆಗುವುದಿಲ್ಲ.

ದಕ್ಷಿಣ ಆಫ್ರಿಕಾದ ಸ್ಯಾನ್ ಜನ, ಬರುವವರೆಲ್ಲ ತಮ್ಮಿಂದ ತೆಗೆದುಕೊಂಡು ಹೋಗುವುದನ್ನು ನೋಡಿ ಬೇಸತ್ತು, 2017ರಲ್ಲಿ ಸಂಶೋಧಕರಿಗೆ ತಾವೇ ಒಂದು ನೀತಿಸಂಹಿತೆ ಬರೆದುಕೊಟ್ಟರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇರಲಿ, ಪ್ರಕಟಿಸುವ ಮುಂಚೆ ನಮಗೆ ತೋರಿಸಿ ಎಂಬುದು ಅದರ ಸಾರ. ನಾನು ಮೊದಲು ಹೇಳಿದ ಮಾತು ನನ್ನೊಬ್ಬಳ ಮನಸ್ಸಿನದಲ್ಲ ಎಂದು ಅದನ್ನು ಓದಿದಾಗ ಧೈರ್ಯ ಬಂತು. ನಮ್ಮ ಕಾಡಿನ ಜನರೂ ಹಾಗೆ ಕೇಳುವ ದಿನ ಬರುತ್ತದೆ. ಅವರು ಕೇಳುವ ಮುಂಚೆಯೇ ನೀನು ಕೊಟ್ಟಿರು.

ಕರಡು ಸಿದ್ಧವಾದಾಗ, ನಿಯತಕಾಲಿಕೆಗೆ ಕಳಿಸುವ ಮುಂಚೆ, ಮತ್ತೆ ಆ ಹಾಡಿಗಳಿಗೆ ಹೋಗು. ಏನು ಕೇಳಿದೆವು, ಏನು ಸಿಕ್ಕಿತು, ಎಷ್ಟು ಜನರಲ್ಲಿ ಸಿಕ್ಕಿತು, ಅದರಿಂದ ಅವರು ಏನು ಮಾಡಬೇಕು, ನೀನು ಏನು ಬರೆಯಲಿದ್ದೀಯೆ ಎಂದು ಅವರ ಮಾತಿನಲ್ಲಿ ಹೇಳು. ಇದು ಬೇಡ, ಇದನ್ನು ಹೀಗೆ ಬರೆಯಬೇಡಿ ಎಂದವರ ಮಾತಿಗೆ ಕಿವಿಗೊಟ್ಟು ತಿದ್ದು. ಹೀಗೆ ಹೋಗಿ ಬರಲು ಹಣ ಬೇಕು, ಜೀಪು ಬೇಕು, ಜೊತೆಗೆ ಬರುವ ಆ ಹಾಡಿಯ ಹುಡುಗಿಗೆ ಸಂಬಳ ಬೇಕು. ಯೋಜನೆಯ ಕೊನೆಗೆ ಹಣ ಉಳಿದರೆ ಮಾಡೋಣ ಎಂದುಕೊಂಡವರು ಯಾರೂ ತಿರುಗಿ ಹೋದದ್ದಿಲ್ಲ. ಮುಂದಿನ ವಾರ ಸಮಿತಿಗೆ ಕೊಡಲಿರುವ ಪ್ರಸ್ತಾವದ ಬಜೆಟ್ಟಿನಲ್ಲಿ ಆ ಪ್ರಯಾಣದ ಖರ್ಚನ್ನು ಈಗಲೇ ಒಂದು ಪ್ರತ್ಯೇಕ ಸಾಲಾಗಿ ಬರೆದಿಡು.

ನಿನ್ನ ದೊಡ್ಡಮ್ಮ